ಮೈನಸ್ ಹದಿನೆಂಟರೊಳಗೆ ಮೂವರು ಅಕ್ಕತಂಗಿಯರು

ಇಂದ:
ಮಿಕ್ಸಿಂಗ್ ಎಂಜಿನಿಯರ್, ಎರಡನೇ ಕೊಠಡಿ (ಎ.ಸಿ. ತೊಟ್ಟಿಕ್ಕುವ ಕೊಠಡಿ)

ಗೆ:
ಮಾನ್ಯ ವ್ಯವಸ್ಥಾಪಕರು, ಇದೇ ಸ್ಟುಡಿಯೋ, ಮೇಲಿನ ಮಹಡಿ

ವಿಷಯ: ಮೂವರು ಅಕ್ಕತಂಗಿಯರ ಆಲ್ಬಂ ತಡವಾಗಿ ಒಪ್ಪಿಸಿದ್ದಕ್ಕೆ ವಿವರಣೆ ಹಾಗೂ ಒಂದು ಕೋರಿಕೆ.

ಉಲ್ಲೇಖ: 1) ಫೈಲು ವಾಪಸು ಮಾಡಿ ಸಂಗೀತ ಕಂಪನಿಯವರು ಬರೆದ ಎರಡು ಪತ್ರಗಳು. 2) ಮೆಟ್ಟಿಲ ಮೇಲೆ ಸಿಕ್ಕಾಗ ತಾವು ಮೌಖಿಕವಾಗಿ ಕೇಳಿದ “ಏನಮ್ಮಾ, ಇನ್ನೂ ಮುಗೀಲಿಲ್ವಾ?”

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳಿಗೆ ಆದದ್ದನ್ನು ಆದ ಹಾಗೆಯೇ ಕೆಳಗೆ ನಿವೇದಿಸಲಾಗಿದೆ.

1. ಸದರಿ ಆಲ್ಬಮ್ಮಿನ ಹಾಡುಗಾರ್ತಿಯರಲ್ಲಿ ಹಿರಿಯರು ಅರ್ಜಿದಾರಳ ದೊಡ್ಡಮ್ಮ, ಕಿರಿಯರು ಚಿಕ್ಕಮ್ಮ, ನಡುವಿನವರು ಹೆತ್ತ ತಾಯಿ. “ನಿಮ್ಮ ಮನೆಯವರೇ ಅಲ್ವಾ, ಬೇಗ ಮುಗಿಯುತ್ತೆ” ಎಂದು ಕೆಲಸ ವಹಿಸಿದವರು ತಾವು. ಇದನ್ನು ದೂರಾಗಿ ಹೇಳುತ್ತಿಲ್ಲ, ದಾಖಲೆಗಾಗಿ ಹೇಳಲಾಗಿದೆ.

2. ಮೂವರೂ ಒಂದು ಕಾಲದಲ್ಲಿ ಒಟ್ಟಿಗೆ ಹಾಡಿ ಹೆಸರು ಮಾಡಿದವರು. ಒಮ್ಮೆ ತುಂಬಿದ ಸಭಾಂಗಣದಲ್ಲಿ ಹಾಡಿನ ನಡುವೆ ಚಿಕ್ಕಮ್ಮನ ಗಂಟಲು ಕಟ್ಟಿತು. “ಅಕ್ಕಾ, ಮೇಲಿಂದು ನೀನು ಹಿಡ್ಕೋ” ಎಂದು ಪಕ್ಕದಲ್ಲಿದ್ದ ದೊಡ್ಡಮ್ಮನಿಗೆ ಪಿಸುಗುಟ್ಟಿದರು. ದೊಡ್ಡಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಮೇಲಿನ ಸ್ವರದಲ್ಲಿ ಚಿಕ್ಕಮ್ಮನ ದನಿ ಒಡೆಯಿತು, ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಂದಿನಿಂದ ಅಕ್ಕ ತಂಗಿಗೆ ಮಾತಿಲ್ಲ. ಹೇಳುವುದು ಕೇಳುವುದು ಏನಿದ್ದರೂ ಅರ್ಜಿದಾರಳ ತಾಯಿಯ ಮೂಲಕ. ಈ ಕಾರಣದಿಂದ ಮೂವರ ದನಿಯನ್ನೂ ಬೇರೆ ಬೇರೆ ದಿನ ರೆಕಾರ್ಡ್ ಮಾಡಲಾಯಿತು.

3. ಕಂಪನಿಯವರು ಕೇಳಿದ್ದು ಮೂರು ಬಗೆಯ ಫೈಲು: ಸುತ್ತಲೂ, ತಲೆಯ ಮೇಲೂ ಸ್ಪೀಕರ್ ಇರುವ ಕೊಠಡಿಗೆ ಒಂದು, ಹೆಡ್‌ಫೋನಿಗೆ ಒಂದು, ಎರಡೇ ಸ್ಪೀಕರ್ ಇರುವ ಬಡಪಾಯಿಗಳಿಗೆ ಒಂದು. ಜೊತೆಗೆ ಒಂದು ಕಟ್ಟಳೆ. ಹಾಡಿನ ಗಟ್ಟಿತನದ ಸರಾಸರಿ ಮೀಟರಿನಲ್ಲಿ ಮೈನಸ್ ಹದಿನೆಂಟನ್ನು ಮೀರಕೂಡದು (ಮೈನಸ್ ಲೆಕ್ಕವಾದ್ದರಿಂದ ಅಂಕಿ ಇಳಿದಷ್ಟೂ ಸದ್ದು ಹೆಚ್ಚು). ಮೀರಿದರೆ ಫೈಲು ವಾಪಸು. ಅಂದರೆ ಹಂಚಿಕೆಯಾಗದ ಮನೆಯಂತೆ. ಒಬ್ಬರ ಕೋಣೆ ಹಿಗ್ಗಬೇಕಾದರೆ ಇನ್ನೊಬ್ಬರದು ಕುಗ್ಗಬೇಕು.

4. ಹಳೆಯ ವೇದಿಕೆಯ ಕ್ರಮದಲ್ಲೇ ದೊಡ್ಡಮ್ಮನನ್ನು ನಡುವೆ, ಚಿಕ್ಕಮ್ಮನನ್ನು ಎಡಕ್ಕೆ, ತಾಯಿಯನ್ನು ಬಲಕ್ಕೆ ಇಡಲಾಯಿತು. ದೊಡ್ಡಮ್ಮ ಹೆಡ್‌ಫೋನ್ ಹಾಕಿಕೊಂಡು ಕೇಳಿ, “ಚಿಕ್ಕವಳು ಎಲ್ಲಿ? ಕೇಳಿಸ್ತಾನೇ ಇಲ್ಲ. ಏರಿಸು” ಎಂದರು. ಏರಿಸಲಾಯಿತು. “ಇನ್ನೂ ಏರಿಸು.” ಮತ್ತೂ ಏರಿಸಲಾಯಿತು. ಮೈನಸ್ ಹದಿನಾರಾಯಿತು. ಫೈಲು ವಾಪಸು ಬಂತು.

5. ಈ ಸುದ್ದಿ ತಾಯಿಯ ಮೂಲಕ ಚಿಕ್ಕಮ್ಮನನ್ನು ತಲುಪಿತು. ಮಾರನೆಯ ದಿನವೇ ಅವರು ಸ್ಟುಡಿಯೋಗೆ ಬಂದರು.

“ಏರಿಸು ಅಂದ್ಲಾ? ಅಕ್ಕಾನಾ?”

“ಹೂಂ ಚಿಕ್ಕಮ್ಮ.”

“ನನ್ನ ದನೀನಾ?”

ಕೊಟ್ಟ ಚಹಾ ತಣ್ಣಗಾಗುವವರೆಗೂ ಅವರು ಲೋಟ ಹಿಡಿದು ಕೂತೇ ಇದ್ದರು. ಹೊರಡುವಾಗ, “ಹಾಗಿದ್ರೆ ಅವಳನ್ನೂ ಸ್ವಲ್ಪ ಏರಿಸು. ನಾನು ಹೇಳ್ದೆ ಅಂತ ಹೇಳ್ಬೇಡ” ಎಂದರು. ಏರಿಸಲಾಯಿತು. ಎರಡನೇ ಬಾರಿ ಫೈಲು ವಾಪಸು ಬಂತು.

6. ಎಲ್ಲರನ್ನೂ ಒಟ್ಟಾಗಿ ಇಳಿಸಬಹುದಿತ್ತಲ್ಲ ಎಂದು ತಾವು ಕೇಳಬಹುದು. ಇಳಿಸಿ ನೋಡಲಾಗಿದೆ. ಮೂವರೂ ಬೇರೆ ಬೇರೆಯಾಗಿ ಫೋನ್ ಮಾಡಿ, “ಯಾರದೋ ಮನೇಲಿ ರೇಡಿಯೋ ಹಾಡ್ದಂಗಿದೆ” ಎಂದು ಆಕ್ಷೇಪಿಸಿದರು. ಎಷ್ಟೋ ವರ್ಷಗಳಲ್ಲಿ ಮೂವರೂ ಒಪ್ಪಿದ ಮೊದಲ ಸಂಗತಿ ಇದೆಂದು ತಿಳಿದುಬಂದಿದೆ.

7. ಆ ಬಳಿಕ ದೊಡ್ಡಮ್ಮ ಮತ್ತೆ ಕೇಳಲು ಬಂದರು. ಕನ್ನಡಕ ಸರಿಮಾಡಿಕೊಳ್ಳುವ ಗಡಿಬಿಡಿಯಲ್ಲಿ ಹೆಡ್‌ಫೋನನ್ನು ಎಡಬಲ ತಿರುವುಮುರುವಾಗಿ ಹಾಕಿಕೊಂಡರು. “ಹಾಂ, ಈಗ ಬಂದ್ಲು ನೋಡು ಚಿಕ್ಕವಳು. ಎಷ್ಟು ಚೆನ್ನಾಗಿ ಹಾಡಿದಾಳೆ. ಆದ್ರೆ ನಿಮ್ಮಮ್ಮ ಎಲ್ಲಿ ಹೋದ್ಲು?” ಎಂದರು.

ಅರ್ಜಿದಾರಳೇ ಹೆಡ್‌ಫೋನನ್ನು ಸರಿಯಾಗಿ ಹಾಕಿ, ಉಳಿದೆಲ್ಲ ನಿಲ್ಲಿಸಿ, ಎಡಕ್ಕೆ ಚಿಕ್ಕಮ್ಮನ ದನಿಯೊಂದನ್ನೇ ಬಿಟ್ಟಳು. ದೊಡ್ಡಮ್ಮ ಸೀರೆಯ ನೆರಿಗೆ ನೇವರಿಸುತ್ತ ಕೂತಿದ್ದರು.

“ಶುರು ಮಾಡಮ್ಮ, ಹೊತ್ತಾಯ್ತು.”

“ಶುರುವಾಗಿದೆ ದೊಡ್ಡಮ್ಮ.”

ಅವರು ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು. “ಹಾಡೋಳಿಗೆ ಒಂದು ಕಿವಿ ಇಲ್ಲ ಅಂದ್ರೆ ಯಾರು ಕರೀತಾರೆ ಹೇಳು,” ಎಂದರು. “ಬಾಯಿ ಬಿಡಲ್ಲ ಅಂತ ಮಾತು ಕೊಡು.” ಅರ್ಜಿದಾರಳು ಮಾತು ಕೊಟ್ಟಳು.

8. ಕೊನೆಗೆ ಮೂವರನ್ನೂ ಒಂದೇ ದಿನ ಕರೆಸಿ ಒಪ್ಪಿಗೆ ಪಡೆಯುವುದೆಂದು ತೀರ್ಮಾನಿಸಲಾಯಿತು. ದೊಡ್ಡಮ್ಮನಿಗೆ ನಡುವಿನ ತಿರುಗು ಕುರ್ಚಿ. ತಾಯಿ ಎಂದಿನಂತೆ ಅವರ ಬಲಕ್ಕೆ. ಉಳಿದದ್ದು ಎಡಗಡೆಯ ಸ್ಟೂಲು, ಅಲ್ಲಿ ಚಿಕ್ಕಮ್ಮ. ಹಾಡು ನಡೆಯುತ್ತಿರುವಾಗ ಚಿಕ್ಕಮ್ಮ ಬಹಳ ಹೊತ್ತು ಧೈರ್ಯ ಕೂಡಿಸಿಕೊಂಡು, ಬಾಗಿ, “ಅಕ್ಕಾ, ನನ್ನ ದನಿ ಏರಿಸು ಅಂದ್ಯಂತೆ” ಎಂದರು. ದೊಡ್ಡಮ್ಮ ನೆಟ್ಟಗೆ ಮುಂದೆ ನೋಡುತ್ತ ತಾಳ ಹಾಕುತ್ತಿದ್ದರು. ಚಿಕ್ಕಮ್ಮನ ಮುಖ ಬಾಡಿತು. ಚೀಲ ಹೆಗಲಿಗೇರಿಸಿ ಎದ್ದು ನಿಂತರು.

ಬಾಯಿ ಬಿಡುವುದಿಲ್ಲವೆಂದು ಅರ್ಜಿದಾರಳು ಮಾತು ಕೊಟ್ಟಿದ್ದು ನಿಜ. ಕುರ್ಚಿ ತಿರುಗಿಸುವುದಿಲ್ಲವೆಂದು ಕೊಟ್ಟಿರಲಿಲ್ಲ. ಆದ್ದರಿಂದ ಹಾಡು ನಿಲ್ಲಿಸಿ, ದೊಡ್ಡಮ್ಮನ ಬಲಗಿವಿ ಚಿಕ್ಕಮ್ಮನ ಕಡೆಗೆ ಬರುವಂತೆ ಕುರ್ಚಿಯನ್ನು ತಿರುಗಿಸಿ, “ಈಗ ಹೇಳಿ ಚಿಕ್ಕಮ್ಮ” ಎಂದಳು.

ಚಿಕ್ಕಮ್ಮ ಕುರ್ಚಿಯನ್ನು ನೋಡಿದರು, ಈಗ ಆಚೆಗಾದ ಅಕ್ಕನ ಎಡಗಿವಿಯತ್ತ ಇಣುಕಿದರು. “ಯಾವತ್ತಿಂದ?” ಎಂದರು.

“ಆವತ್ತಿಗಿಂತ ಮುಂಚೆಯಿಂದ,” ಎಂದರು ದೊಡ್ಡಮ್ಮ. “ಆವತ್ತು ನೀನು ಏನೋ ಹೇಳಿದ್ಯಂತೆ. ನನಗೆ ಗೊತ್ತಾಗಿದ್ದು ಎಷ್ಟೋ ದಿನ ಆದ್ಮೇಲೆ. ಆಗ ಹೇಳಿದ್ರೆ ನೀನು ನೆಪ ಅಂತಿದ್ದೆ.”

“ಅಂತಿದ್ದೆ,” ಎಂದು ಚಿಕ್ಕಮ್ಮ ಒಪ್ಪಿಕೊಂಡು ಸ್ಟೂಲನ್ನು ಅಕ್ಕನ ಬಲಗಿವಿಯ ಹತ್ತಿರಕ್ಕೆ ಎಳೆದುಕೊಂಡು ಕೂತರು.

9. ವಿಷಯ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಅರ್ಜಿದಾರಳ ತಾಯಿ ಕಣ್ಣೊರೆಸಿಕೊಳ್ಳುತ್ತ, “ನನಗೆ ಗೊತ್ತಿತ್ತು ಕಣೇ. ನಾನು ಯಾವಾಗ್ಲೂ ಬಲಗಡೇನೇ ಕೂರ್ತಿದ್ನಲ್ಲ” ಎಂದುಬಿಟ್ಟರು.

“ಗೊತ್ತಿದ್ದೂ ಹೇಳ್ಲಿಲ್ವಾ?” ಎಂದು ಇಬ್ಬರೂ ಒಟ್ಟಿಗೆ ಕೇಳಿದರು.

ತಾಯಿ, “ನೀವಿಬ್ರೂ ಮಾತಾಡ್ತಿದ್ದಾಗ ನನ್ನ ಯಾರು ಕೇಳ್ತಿದ್ರಿ? ಮಾತು ಬಿಟ್ಮೇಲೆ ದಿನಾ ಇಬ್ಬರ ಫೋನೂ ನನಗೇ ಬರ್ತಿತ್ತು,” ಎಂದರು.

ಎ.ಸಿ. ತೊಟ್ಟಿಕ್ಕುವುದು ಆಗ ಸ್ಪಷ್ಟವಾಗಿ ಕೇಳಿಸಿತು.

10. ಪರಿಣಾಮವಾಗಿ ಈಗ ದೊಡ್ಡಮ್ಮ, ಚಿಕ್ಕಮ್ಮ ದಿನಕ್ಕೆರಡು ಬಾರಿ ಮಾತಾಡುತ್ತಾರೆ. ಇಬ್ಬರೂ ಅರ್ಜಿದಾರಳ ತಾಯಿಯ ಜೊತೆ ಮಾತು ಬಿಟ್ಟಿದ್ದಾರೆ. “ಇಳಿಸೋದೇ ಆದ್ರೆ ಅವಳನ್ನ ಇಳಿಸು” ಎಂಬುದು ಇಬ್ಬರ ಜಂಟಿ ಆದೇಶ. ಬೇರೆ ದಾರಿ ಕಾಣದ ಕಾರಣ, ಮತ್ತು ಕಂಪನಿಯವರು ಮುಂದೂಡಿ ಕೊಟ್ಟ ಕೊನೆಯ ಗಡುವು ಅಂದೇ ಇದ್ದ ಕಾರಣ, ಇಳಿಸಲಾಯಿತು. ಮೀಟರು ಮೈನಸ್ ಹದಿನೆಂಟಕ್ಕೆ ಬಂದು ನಿಂತಿತು. ಮೂರು ಫೈಲುಗಳೂ ಒಪ್ಪಿಗೆಯಾದವು. ತಾಯಿಯ ದನಿ ಈಗ ಹುಡುಕಿದರೆ ಸಿಗುತ್ತದೆ. ಅರ್ಜಿದಾರಳು ಹುಡುಕಿ ಹುಡುಕಿ ಕೇಳುತ್ತಿದ್ದಾಳೆ.

11. ತಾಯಿ ನಿನ್ನೆ ಆಲ್ಬಂ ಪೂರ್ತಿ ಕೇಳಿದರು. ಊಟಕ್ಕೆ ಕರೆಯುವಾಗ ಮಗಳ ಬದಲು ಗೋಡೆಗೆ, “ಬಡಿಸಿದೆ” ಎಂದು ಹೇಳಿದರು.

ಆದ್ದರಿಂದ, ಮೇಲಿನ ಕಾರಣಗಳನ್ನು ಪರಿಗಣಿಸಿ ತಡವಾದದ್ದನ್ನು ಮನ್ನಿಸಬೇಕು. ಮುಂದಿನ ಆಲ್ಬಮ್ಮಿಗೆ ಅರ್ಜಿದಾರಳ ಸಂಬಂಧಿಕರಲ್ಲದ, ಸಾಧ್ಯವಾದರೆ ಒಬ್ಬರೇ ಹಾಡುವ ಹಾಡುಗಾರರನ್ನು ವಹಿಸಬೇಕು.

ಇಬ್ಬರಿಗೆ ಬೇಕಾದವಳೂ ಒಬ್ಬರಿಗೆ ಬೇಡವಾದವಳೂ ಆದ,
ತಮ್ಮ ವಿಶ್ವಾಸಿ,
(ಸಹಿ)
ಮಿಕ್ಸಿಂಗ್ ಎಂಜಿನಿಯರ್

ಲಗತ್ತುಗಳು:
ಅ) ಒಪ್ಪಿಗೆಯಾದ ಮೂರು ಫೈಲುಗಳು.
ಆ) ಮೀಟರಿನ ಚಿತ್ರ.
ಇ) ಎಲ್ಲರ ದನಿಯೂ ಬಲಗಿವಿಗೇ ಬರುವಂತೆ ದೊಡ್ಡಮ್ಮನಿಗಾಗಿ ಮಾಡಿದ ಇನ್ನೊಂದು ಪ್ರತಿ. ಇದನ್ನು ಕಂಪನಿಯವರು ಕೇಳಿಲ್ಲ, ಕಳಿಸತಕ್ಕದ್ದೂ ಅಲ್ಲ.

ವಿ.ಸೂ.: ಅರ್ಜಿದಾರಳ ತಾಯಿಯ ದನಿಯನ್ನು ಇಳಿಸಿದ್ದು ಮಗಳಲ್ಲ, ಮೀಟರು ಎಂದು ಸ್ಟುಡಿಯೋದ ಲೆಟರ್‌ಹೆಡ್ ಮೇಲೆ ಮೊಹರು ಹಾಕಿ ಒಂದು ಪತ್ರ ಕೊಡಿಸಬೇಕಾಗಿ ಕೋರಿಕೆ. ಅರ್ಜಿದಾರಳು ಸಂಜೆ ಮನೆಗೆ ಹೋಗಬೇಕಾಗಿರುವುದರಿಂದ ಇಂದೇ ಕೊಟ್ಟರೆ ಅನುಕೂಲ.