ಪೊಟ್ಟಣದ ಮೇಲಿನ ಹೆಸರು

ಆ ದಿನ ರಾಯದುರ್ಗದ ಪೇಟೆಯಲ್ಲಿ ಎಲ್ಲರಿಗಿಂತ ಮೊದಲು ಬಾಗಿಲು ತೆಗೆದವನು ಕಿರಾಣಿ ಅಂಗಡಿಯ ಲಕ್ಷ್ಮೀನರಸಪ್ಪ. ಬಳ್ಳಾರಿಯ ವಾರಪತ್ರಿಕೆಯಲ್ಲಿ ಅವನ ಅಂಗಡಿಯ ಬೆಲ್ಲದ ಜಾಹೀರಾತು ಬಂದಿತ್ತು, ಅದೂ ಅರ್ಧ ಪುಟ! ಅದಕ್ಕೆ ಜಾಗ ಮಾಡಲು ಸಂಪಾದಕರು ಮದರಾಸು ಶಾಸನಸಭೆಯ ಸುದ್ದಿಯನ್ನು ಮೂಲೆಗೆ ತಳ್ಳಿದ್ದರು. ಮದರಾಸಿನ ದೊಡ್ಡವರನ್ನೇ ತನ್ನ ಬೆಲ್ಲ ಪಕ್ಕಕ್ಕೆ ಸರಿಸಿದರೆ ಯಾರ ಎದೆ ತಾನೆ ಉಬ್ಬುವುದಿಲ್ಲ?

ಆ ಬೆಲ್ಲದ್ದೇ ಅವನಿಗೆ ಚಿಂತೆ. ನಾಗರಪಂಚಮಿಯ ಉಂಡಿಗೆಂದು ಅಂಗಡಿ ತುಂಬ ತರಿಸಿಬಿಟ್ಟಿದ್ದ. ಹಬ್ಬದೊಳಗೆ ಖರ್ಚಾಗದಿದ್ದರೆ ಶ್ರಾವಣದ ತೇವಕ್ಕೆ ಕರಗಿ ಹರಿಯುವುದು ಖಂಡಿತ. ಎದುರಂಗಡಿ ಗೋಪಣ್ಣನೂ ಬೆಲ್ಲ ಮಾರುತ್ತಿದ್ದ. ಅದಕ್ಕೇ ಲಕ್ಷ್ಮೀನರಸಪ್ಪ ಪತ್ರಿಕೆಯ ದೊಡ್ಡ ಕಟ್ಟನ್ನೇ ಕೊಂಡು ತರಿಸಿ, ಬಂದವರಿಗೆಲ್ಲ ಪುಕ್ಕಟೆ ಹಂಚತೊಡಗಿದ.

ಮೊದಲ ಗಿರಾಕಿ ಚಿನ್ನಕ್ಕ ಪತ್ರಿಕೆಯನ್ನು ಬಗಲಿಗೆ ಸಿಕ್ಕಿಸಿಕೊಂಡು ಬೆಲ್ಲದ ದರ ಕೇಳಿದಳು.

“ಯಾಕ್ರಿ ಸಾವ್ಕಾರ್ರ, ನಿನ್ನಿಗಿಂತ ತುಟ್ಟಿ ಹೇಳ್ತೀರಲ್ರಿ?”

“ಪೇಪರ್ನಾಗ ಬಂದ ಬೆಲ್ಲ ಇದು ಚಿನ್ನಕ್ಕ. ಹಾಕ್ಸಾಕ ಖರ್ಚು ಬರಂಗಿಲ್ಲೇನು?”

“ಪೇಪರ್ನಾಗ ಬಂದ್ರ ಸಿಹಿ ಹೆಚ್ಚಾಗತೈತೇನ್ರಿ?”

ಚಿನ್ನಕ್ಕ ಪತ್ರಿಕೆ ಮಾತ್ರ ಒಯ್ದಳು. ಹಿಂದೆ ಬಂದವರೂ ಹಾಗೇ ಮಾಡಿದರು. ಮಧ್ಯಾಹ್ನಕ್ಕೆ ಪತ್ರಿಕೆಯ ಕಟ್ಟು ಖಾಲಿಯಾಯಿತು; ಬೆಲ್ಲದ ಹತ್ತಿರ ನೊಣ ಬಿಟ್ಟರೆ ಯಾರೂ ಸುಳಿಯಲಿಲ್ಲ. ಪಕ್ಕದ ದರ್ಜಿ ಕಾಟಪ್ಪ ಮಿಷನ್ ತುಳಿಯುವುದು ಬಿಟ್ಟು ಬಂದು, ದರ ಇಳಿಸಿರೆಂದು ಬುದ್ಧಿ ಹೇಳಿದ. ಹೆಸರು ಮೊದಲು ಊರಲ್ಲಿ ಓಡಾಡಬೇಕು, ವ್ಯಾಪಾರ ತಾನಾಗಿ ಹಿಂದೆ ಬರುತ್ತದೆ ಎಂದು ಲಕ್ಷ್ಮೀನರಸಪ್ಪ ಅವನನ್ನು ಗದರಿಸಿ ಕಳಿಸಿದ.

ಸಂಜೆ ಹೊರಗೆ ಬಂದು ನೋಡುತ್ತಾನೆ, ಹೆಸರು ನಿಜವಾಗಿಯೂ ಓಡಾಡುತ್ತಿದೆ! ಬೀದಿಯಲ್ಲಿ ಹೋಗುವ ಹೆಂಗಸರ ಕೈಯಲ್ಲೆಲ್ಲ ಪೊಟ್ಟಣ, ಪೊಟ್ಟಣದ ಮೇಲೆಲ್ಲ ದಪ್ಪ ಅಕ್ಷರದಲ್ಲಿ ಅವನ ಹೆಸರು. ಅವನ ಕಣ್ಣಲ್ಲಿ ನೀರೇ ಬಂತು. ಅವರೆಲ್ಲ ಗೋಪಣ್ಣನ ಅಂಗಡಿಯ ಮೆಟ್ಟಿಲು ಇಳಿದು ಬರುತ್ತಿದ್ದಾರೆಂಬುದು ಆಮೇಲೆ ಕಾಣಿಸಿತು.

ಅಷ್ಟರಲ್ಲಿ ಗೋಪಣ್ಣನೇ ರಸ್ತೆ ದಾಟಿ ಬಂದು ಕೈಮುಗಿದ.

“ನಿಮ್ಮ ಪುಣ್ಯ ಅಣ್ಣಾರ. ಪೇಪರ್ ತಂದುಕೊಟ್ಟೋರಿಗೆ ಒಂದು ಚೂರು ಬೆಲ್ಲ ಕೊಸರು ಹಾಕ್ತಿದ್ನಲ್ರಿ, ಇವತ್ತು ಊರೇ ತಂದು ಸುರೀತು. ಪೊಟ್ಟಣದ ಕಾಗದದ ಖರ್ಚು ಉಳೀತು, ದರ ಇಳಿಸಿದೆ, ಬೆಲ್ಲ ಪೂರಾ ಖಾಲಿ. ಮುಂದಿನ ವಾರನೂ ಹಾಕಸ್ರಿ.”

ಲಕ್ಷ್ಮೀನರಸಪ್ಪ ಹಿಂತಿರುಗಿ ತನ್ನ ಬೆಲ್ಲ ನೋಡಿದ; ಆಗಲೇ ಬೆವರತೊಡಗಿತ್ತು. ಹಾದುಹೋಗುತ್ತಿದ್ದ ಚಿನ್ನಕ್ಕನ ಕೈಯ ಪೊಟ್ಟಣವನ್ನೂ ನೋಡಿದ. ಹೊಟ್ಟೆ ಉರಿಯಿತು, ಆದರೂ ಎದೆ ಇಳಿಯಲಿಲ್ಲ.

“ಅರ್ಧ ಪುಟ ಸಾಲಂಗಿಲ್ಲ ಗೋಪಣ್ಣ,” ಎಂದ. “ಮಡಚಿದಲ್ಲಿ ಹೆಸರು ಅರ್ಧ ಮುಚ್ಚಿ ಹೋಗೇತಿ. ಮುಂದಿನ ವಾರ ಪೂರ್ತಿ ಪುಟ ಹಾಕಸ್ತೀನಿ.”