ಕುರ್ಚಿಯ ಮೇಲೆ ಕೂತ ಕ್ರಿಯಾಪದ

ನಾನು ಇಂಗ್ಲಿಷಿನ ಬೆನ್ನು ಹತ್ತಿದ ದಿನದಿಂದ ಒಂದಿಲ್ಲೊಂದು ರಗಳೆ ನಡೆದೇ ಇದೆ. ಸುಮ್ಮನೆ ಒಂದು ಕಡೆ ಕೂತು ವ್ಯಾಕರಣ ಓದುವ ಭಾಗ್ಯ ನನ್ನಂಥವನ ಹಣೆಯಲ್ಲಿ ಬರೆದಿಲ್ಲ.

ಲಿಂಗಸುಗೂರು: ತಾನಾಗಿ ಆಗುವ ಕೆಲಸ

ಶಾಲೆ ಅರ್ಧಕ್ಕೆ ಬಿಟ್ಟವನು ನಾನು. ಇಂಗ್ಲಿಷ್ ಕಲಿತದ್ದು ಸಿಟ್ಟಿನಿಂದ. ನಮ್ಮ ಓಣಿಯ ನೀರಿನ ಅರ್ಜಿ ಏನಾಯಿತೆಂದು ಕೇಳಲು ಲಿಂಗಸುಗೂರಿನ ಕಚೇರಿಗೆ ಹೋದಾಗಲೆಲ್ಲ ಗುಮಾಸ್ತರದು ಒಂದೇ ಮಾತು: ‘ಪೆಂಡಿಂಗ್’. ಆ ಮಾತಿನ ಹೊಟ್ಟೆಯಲ್ಲಿ ಏನಿದೆ ನೋಡೇಬಿಡೋಣ ಎಂದು ಹಳೆಯ ವ್ಯಾಕರಣ ಪುಸ್ತಕ ಕೊಂಡು ಓದಿದೆ. ಕ್ರಿಯಾಪದದ ಬಾಲಕ್ಕೆ ‘ಇಂಗ್’ ಹಚ್ಚಿದರೆ ಅದು ಒಮ್ಮೆ ನಾಮಪದವಾಗುತ್ತದೆ (ಆಗ ಅದರ ಹೆಸರು ಜೆರಂಡ್), ಒಮ್ಮೆ ವಿಶೇಷಣವಾಗುತ್ತದೆ. ಕೆಲಸ ಮಾಡಬೇಕಾದವನು ಮಾತ್ರ ಆ ಗಡಿಬಿಡಿಯಲ್ಲಿ ಮಾಯವಾಗುತ್ತಾನೆ! ರಕ್ತ ಕುದಿಯಿತು. ನೆಟ್ಟಗೆ ಹೋಗಿ ಮೇಜು ಗುದ್ದಿದೆ.

“ಪೆಂಡಿಂಗ್ ಇಟ್ಟಾವ ಯಾರ್ರೀ? ಹೆಸರು ಹೇಳ್ರಿ!”

ಗುಮಾಸ್ತರು ಚಹಾ ಕೆಳಗಿಟ್ಟರು. “ಅಣ್ಣಾರ, ಹೊಸಬರಂಗ ಮಾತಾಡಾಕತ್ತೀರಲ್ಲ. ಪೆಂಡಿಂಗ್ ಯಾರೂ ಇಡಂಗಿಲ್ರೀ. ನಾವು ಏನೂ ಮಾಡ್ಲಿಲ್ಲಂದ್ರ ಅದು ತಾನಾ ಆಗ್ತೈತಿ.”

ಮಸ್ಕಿ: ಜೆರಂಡ್ ಯಾರು?

ನಮ್ಮ ಹುಡುಗ ಹುಡುಗಿಯರೇ ಆ ಕಚೇರಿಯ ಕುರ್ಚಿಗಳಲ್ಲಿ ಕೂರಲಿ ಎಂದು ಮಸ್ಕಿಯ ಸರ್ಕಾರಿ ಭವನದಲ್ಲಿ ಸಂಜೆ ಪುಕ್ಕಟೆ ಇಂಗ್ಲಿಷ್ ಕ್ಲಾಸು ಶುರುಮಾಡಿದೆ. ನೌಕರಿ ಪರೀಕ್ಷೆಗೆ ಓದುವವರು ಬಂದರು. ಆದರೆ ಮಂದಿಯ ಬಾಯಿಂದ ಮಾತು ಹೊರಡಿಸಲು ನನಗೆ ಗೊತ್ತಿದ್ದ ದಾರಿ ಒಂದೇ, ಓಣಿಯ ಹೋರಾಟಗಳಲ್ಲಿ ಕೂಗಿದ ಘೋಷಣೆ. ಬೆಂಚಿನ ಮೇಲೆ ನಿಂತು ಮುಷ್ಟಿ ಎತ್ತಿದೆ.

“ಈಟ್‌ಗೆ ಇಂಗ್ ಹಚ್ಚಿದ್ರ?”

“ಈಟಿಂಗ್! ಈಟಿಂಗ್!”

“ಈಟಿಂಗ್ ಈಸ್ ಗುಡ್ ಅಂದ್ರ, ಅದು ಏನು?”

“ನಾಮಪದ! ನಾಮಪದ!”

“ಬ್ರೋಕನ್ ಚೇರ್ ಅಂದ್ರ, ಬ್ರೋಕನ್ ಏನು?”

“ವಿಶೇಷಣ! ವಿಶೇಷಣ!”

ಬಜಾರಿನ ತನಕ ಕೇಳಿಸಿತಂತೆ. ಪೊಲೀಸ್ ಜೀಪು ಬಂತು. ಹವಾಲ್ದಾರರು ಲಾಠಿ ಹಿಡಿದೇ ಒಳಗೆ ಬಂದರು.

“ಯಾರ ವಿರುದ್ಧ ಇದು? ಪರ್ಮಿಶನ್ ಐತೇನು?”

“ಯಾರ ವಿರುದ್ಧನೂ ಅಲ್ರೀ. ಇವತ್ತು ಜೆರಂಡ್ ಐತಿ.”

ಅವರು ನನ್ನನ್ನು ಮೂಲೆಗೆ ಕರೆದೊಯ್ದು ದನಿ ತಗ್ಗಿಸಿದರು. “ಖರೇ ಹೇಳ್ರಿ. ಈ ಜೆರಂಡ್ ನಾಳೆ ಬಂದ್ ಕರೆ ಕೊಡಾಕತ್ತಾನೇನು?”

ಸಿಂಧನೂರು: ಒಂದು ಉದಾಹರಣೆ

ಮರುದಿನ ಭವನಕ್ಕೆ ಬೀಗ ಬಿತ್ತು. ಪರೀಕ್ಷೆ ಹತ್ತಿರ ಬಂದಿತ್ತು, ಬೇರೆ ಜಾಗವಿರಲಿಲ್ಲ. ಪಾಮನಕಲ್ಲೂರಿನಿಂದ ದಿನಾ ಬಸ್ಸಿಗೆ ಕಲಿಯಲು ಬರುತ್ತಿದ್ದ ಅತಿಥಿ ಶಿಕ್ಷಕಿ ಒಬ್ಬಳಿಗಂತೂ ವಯಸ್ಸಿನ ಮಿತಿ ಮುಗಿಯುತ್ತಿತ್ತು. ಈ ಸಲ ತಪ್ಪಿದರೆ ಆಕೆಗೆ ಮತ್ತೆ ಪರೀಕ್ಷೆಯೇ ಇಲ್ಲ.

ಭವನದ ಉಸ್ತುವಾರಿ ಅಧಿಕಾರಿ ಕೂರುವುದು ಸಿಂಧನೂರಿನಲ್ಲಿ. ಅವರು ಮೂಲತಃ ದನದ ಡಾಕ್ಟರು. ಈ ಕುರ್ಚಿಗೆ ಯಾರೂ ಬರಲಿಲ್ಲವೆಂದು ಪ್ರಭಾರದ ಮೇಲೆ ಬಂದು ಕೂತವರು ಏಳದೆ ಕೂತೇ ಇದ್ದರು. ನಾವು ಜಮಖಾನೆ, ಮಂಡಕ್ಕಿ ಗಂಟು ಸಮೇತ ಹೋಗಿ ಅವರ ಬಾಗಿಲ ಮುಂದೆ ಧರಣಿ ಕೂತೆವು. ಅವರು ಹೊರಗೆ ಬಂದರು.

“ಗದ್ದಲ ಬ್ಯಾಡ. ಅಲ್ಲಿ ಏನು ಕಲಿಸ್ತೀರಿ, ಒಂದ ಮಾತಿನ್ಯಾಗ ಹೇಳ್ರಿ.”

ನಾನು ಬಾಯಿ ತೆರೆದೆ. ಶಿಕ್ಷಕಿ ನನ್ನ ಅಂಗಿ ಹಿಡಿದು ಜಗ್ಗಿದಳು. “ಅಣ್ಣಾ, ನೀ ಸುಮ್ಮಕುಂದ್ರು. ನೀ ಬಾಯಿ ತೆಗದ್ರ ಜೀಪ್ ಬರ್ತೈತಿ.” ಆಮೇಲೆ ಅಧಿಕಾರಿಗೆ ಹೇಳಿದಳು: “ಸರ್, ಇಂಗ್ಲಿಷಿನ್ಯಾಗ ಒಂದೊಂದು ಕ್ರಿಯಾಪದ ತನ್ನ ಕೆಲಸ ಬಿಟ್ಟು ನಾಮಪದದ ಕುರ್ಚಿಮ್ಯಾಲ ಕುಂತಿರ್ತೈತ್ರಿ. ಅದನ್ನ ಗುರ್ತು ಹಿಡಿಯೋದು ಕಲಿಯಾಕತ್ತೀವಿ.”

“ತಿಳೀಲಿಲ್ಲ. ಒಂದು ಉದಾಹರಣೆ ಕೊಡಮ್ಮ.”

ಎಲ್ಲರೂ ಅವರನ್ನೇ ನೋಡುತ್ತಿದ್ದರು. ಡಾಕ್ಟರಿಗೆ ನಿಧಾನಕ್ಕೆ ಹೊಳೆಯಿತು.

“ಅಂದ್ರ... ನಾನಾ?”

“ದನದ ದವಾಖಾನ್ಯಾಗ ನೀವು ಕ್ರಿಯಾಪದ್ರೀ ಸರ್. ಇಲ್ಲಿ ನಾಮಪದ.”

ಕ್ಲಾಸು ಮುಗಿಯಿತು, ಈಕೆಯ ನೌಕರಿಯೂ ಮುಗಿಯಿತು ಅಂದುಕೊಂಡೆ. ಮೊದಲು ನಕ್ಕವನು ಅವರ ಜವಾನ. ಅವನನ್ನು ಗದರಿಸಲು ತಿರುಗಿದ ಅಧಿಕಾರಿಗೂ ನಗು ತಡೆಯಲಾಗಲಿಲ್ಲ.

“ಮತ್ತ, ಬೀಗ ತೆಗಿಯೋ ಆರ್ಡರಿಗೆ ನಾಮಪದ ಸಹಿ ಮಾಡಬೌದೇನಮ್ಮ?”

“ಮಾಡ್ರಿ ಸರ್, ಮಾಡಿದ್ ಕೂಡ್ಲೇ ಕ್ರಿಯಾಪದ ಆಗ್ತೀರಿ. ಪೆನ್ನು ಕಿಸೆದಾಗ ಇಟ್ರಿ ಅಂದ್ರ ಮತ್ತ ನಾಮಪದ.”

ಸಹಿ ಬಿತ್ತು. ಪೆನ್ನು ಕಿಸೆಯ ಹತ್ತಿರ ಹೋಗಿತ್ತು, ನಾನು ಹಾರಿ ಅವರ ಕೈ ಹಿಡಿದೆ.

“ಇಡಬ್ಯಾಡ್ರಿ ಸರ್! ಭವನದ ಮಾಳಿಗಿ ಸೋರಾಕತ್ತೈತಿ, ಕಿಟಕಿಗೆ ಗಾಜಿಲ್ಲ, ಪಾಯಖಾನಿಗೆ ಬಾಗಿಲಿಲ್ಲ...”

ಆ ಮಧ್ಯಾಹ್ನ ಪಾಪ ಅವರು ಊಟಕ್ಕೆ ಕೂತಾಗಲೂ ಪೆನ್ನು ಕೈಯಲ್ಲೇ ಇತ್ತು.