ಕಾಕಾನ ಇ-ಇಂಕ್ ಪಾಟಿ

ನಮ್ಮ ಕಾಕಾ ಅಂಜದಂಥ ವಸ್ತು ಹುಬ್ಬಳ್ಳಿಯ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ! ಲಿಫ್ಟಿಗೆ ಅಂಜುತ್ತಾರೆ. ಫೋನ್ ಬಂದರೆ ಅಂಜುತ್ತಾರೆ, ಬಹಳ ಹೊತ್ತು ಬರದಿದ್ದರೆ ಇನ್ನೂ ಹೆಚ್ಚು ಅಂಜುತ್ತಾರೆ. ಇದಕ್ಕೆ ಅವರು ಕಂಡುಕೊಂಡ ಔಷಧ, ಎಲ್ಲವನ್ನೂ ಬರೆದಿಡುವುದು. ಚೀಟಿಯಲ್ಲಿ ಬರೆದರೆ ಅಂಗಿಯ ಜೊತೆ ಅದೂ ಒಗೆತಕ್ಕೆ ಹೋಗುತ್ತಿತ್ತು. ಫೋನಿನಲ್ಲಿ ಬರೆದರೆ ಆ ಬೆಳಕಿಗೆ ಕಣ್ಣಲ್ಲಿ ನೀರು. ಕಮರಿಪೇಟೆಯ ಅವರ ಮನೆಯಲ್ಲಿ ಈ ಗೋಳು ಕೇಳಿ ಕೇಳಿ, ನಾನೇ ಒಂದು ಸೋವಿಯ ಇ-ಇಂಕ್ ಸಾಧನ ತಂದುಕೊಟ್ಟೆ. ಹೊಳೆಯುವುದಿಲ್ಲ, ಕಣ್ಣು ಕುಕ್ಕುವುದಿಲ್ಲ, ಅದರ ಪೆನ್ನಿನಿಂದ ಕಾಗದದ ಮೇಲೆ ಬರೆದಂತೆಯೇ ಬರೆಯಬಹುದು. ಶಾಲೆಯ ಸ್ಲೇಟಿನಂತಿದೆಯೆಂದು ಕಾಕಾ ಅದಕ್ಕೆ ‘ಪಾಟಿ’ ಎಂದು ಹೆಸರಿಟ್ಟರು.

ಅಂಜಿಕೆ ಹೋಯಿತೇ? ಎಲ್ಲಿಯದು! ಮರುದಿನವೇ ನನ್ನನ್ನು ಅದನ್ನು ಕೊಂಡಿದ್ದ ದೇಶಪಾಂಡೆ ನಗರದ ಅಂಗಡಿಗೆ ಎಳೆದುಕೊಂಡು ಹೋದರು.

“ಬಂದ್ ಮಾಡಿದ್ರೂ ಅಕ್ಷರ ಹೋಗವಲ್ಲವು! ಕೆಟ್ಟೈತಿ ಇದು.”

“ಅದು ಹಂಗ ಇರತೈತ್ರಿ. ಬರದಿದ್ದನ್ನ ತೋರಿಸ್ಕೋತ ಕುಂದ್ರಾಕ ಅದಕ್ಕ ಕರೆಂಟ್ ಬೇಕಾಗಂಗಿಲ್ರಿ,” ಎಂದ ಅಂಗಡಿಯವ.

“ಹಂಗಾದ್ರ ಇದು ಸತ್ತೈತೋ, ಮಲಗೈತೋ ನಾ ಹೆಂಗ ತಿಳ್ಕೊಬೇಕು?”

ಅಂಗಡಿಯವ ಮುಂದಿನ ಗಿರಾಕಿಯತ್ತ ತಿರುಗಿದ.

ಮುಂದೆ ಧಾರವಾಡದಲ್ಲೊಂದು ಮದುವೆ. ಹೊರಡುವ ಮುಂಚೆ ಕಾಕಾ ದಪ್ಪ ಅಕ್ಷರದಲ್ಲಿ ‘ಗ್ಯಾಸ್ ಬಂದ್ ಮಾಡೇನಿ’ ಎಂದು ಬರೆದುಕೊಂಡರು. ಅರ್ಧ ದಾರಿಗೆ ಪಾಟಿ ತೆಗೆದು ನೋಡಿದವರೇ ಬೆವೆತರು.

“ಬಂದ್ ಮಾಡಿ ಬರದ್ನೋ, ಬರದು ಬಂದ್ ಮಾಡೋದು ಮರ್ತನೋ?”

ಪಕ್ಕದಲ್ಲಿದ್ದ ಅವರ ಹೆಂಡತಿ, ನಮ್ಮ ಕಾಕೂ, ಹಣೆ ಹಣೆ ಬಡಿದುಕೊಂಡರು. ಬಸ್ಸಿಳಿದು, ಆಟೋ ಹಿಡಿದು, ರೇಷ್ಮೆ ಸೀರೆಯಲ್ಲೇ ಮನೆಗೆ ಬಂದರೆ ಗ್ಯಾಸ್ ಬಂದ್ ಇತ್ತು. ತಲಬಾಗಿಲು ಮಾತ್ರ ಹಾರು ಹೊಡೆದು ಪೂರ್ತಿ ತೆರೆದಿತ್ತು! ಬಾಗಿಲ ವಿಷಯ ಯಾರೂ ಬರೆದುಕೊಂಡಿರಲಿಲ್ಲ ನೋಡಿ.

ಹೀಗೆ ನಗುತ್ತಿರುವಾಗಲೇ ಕಾಕೂನ ಕೊರಳಲ್ಲೊಂದು ಗಂಟು ಕಾಣಿಸಿತು. ಆಪರೇಷನ್ ಆಗಲೇಬೇಕು ಎಂದರು ಡಾಕ್ಟರು. ಆ ದಿನ ಥಿಯೇಟರಿನ ಹೊರಗೆ ಕೂತು ಕಾಕಾ ಪಾಟಿಯ ಮೇಲೆ ಒಂದೇ ಸಮನೆ ಬರೆಯುತ್ತಿದ್ದರು. ಅತ್ತಿಂದಿತ್ತ ಹೋಗುತ್ತಿದ್ದ ನರ್ಸ್ ಬಾಗಿ ನೋಡಿದಳು.

“ಅಜ್ಜಾರ, ಏನೂ ಮೂಡವಲ್ದಲ್ರಿ. ಬಂದ್ ಐತಿ ಅದು.”

“ಇರ್ಲಿ ಬಿಡವಾ,” ಎಂದು ಮತ್ತೆ ಗೀಚತೊಡಗಿದರು. ಅವತ್ತು ನನಗೂ ನಗು ಬರಲಿಲ್ಲ.

ಸಂಜೆ ಒಳಗೆ ಬಿಟ್ಟರು. ಗಂಟು ತೆಗೆದಾಗಿತ್ತು, ಅಂಜುವಂಥದ್ದೇನಿಲ್ಲ ಎಂದರು ಡಾಕ್ಟರು. ಆದರೆ ಕೆಲವು ದಿನ ಕಾಕೂ ಮಾತಾಡುವಂತಿಲ್ಲ. ಕೊರಳಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದವರು ಕಾಕಾನ ಮುಖ ನೋಡಿ ಕೈ ಚಾಚಿದರು. ಇನ್ನೊಬ್ಬರು ಮುಟ್ಟಿದರೆ ಗೆರೆ ಬಿದ್ದೀತೆಂದು ಯಾರಿಗೂ ಕೊಡದ ಪಾಟಿಯನ್ನು ಕಾಕಾ ತಾವೇ ಚಾಲೂ ಮಾಡಿ ಕೊಟ್ಟರು. ಕಾಕೂ ಬರೆದರು: ‘ನೀವು ಉಂಡ್ರಿ?’

ಕಾಕಾ ಪೆನ್ನು ಇಸಿದುಕೊಂಡು ಕೆಳಗೆ ಬರೆದರು: ‘ಇನ್ನೂ ಇಲ್ಲ. ನೀ ಮನಿಗೆ ಬಾ.’

ಮಾತಾಡಬಾರದೆಂದು ಡಾಕ್ಟರು ಹೇಳಿದ್ದು ಕಾಕೂಗೆ ಮಾತ್ರ. ಅದನ್ನು ಕಾಕಾಗೆ ನೆನಪಿಸಲು ನನಗೆ ಮನಸ್ಸಾಗಲಿಲ್ಲ. ಸುಮ್ಮನೆ ಹೊರಗೆ ಬಂದು ಬಾಗಿಲು ಮುಂದೆ ಮಾಡಿದೆ.